ಪ್ರೇಮಕಥೆಯೊಂದನ್ನು ಹದಿನಾರು ಗಂಟೆ ಕೇಳಿದ ಬಗೆ

ಪ್ರೇಮವೂ ಮಾಯಾಲೋಕವೂ ಬೆರೆತ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ಬಹಳ ಇಷ್ಟ. ರಾತ್ರಿ ಹೊತ್ತು ಓದಿದರೆ ಕಣ್ಣು ನೋಯತೊಡಗಿದ ಮೇಲೆ, ಸುಮಾರು ಒಂದೂವರೆ ಲಕ್ಷ ಪದಗಳ ಅಂಥದೊಂದು ಇಂಗ್ಲಿಷ್ ಕಾದಂಬರಿಯನ್ನು ಆಡಿಯೋಬುಕ್ಕಿನಲ್ಲಿ ಕೇಳಲು ಕುಳಿತೆ. ಇಂಗ್ಲಿಷ್ ವಾಚಕರು ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 160 ಪದಗಳನ್ನು ಓದುವುದರಿಂದ ಅದು ಹೆಚ್ಚುಕಡಿಮೆ 16 ಗಂಟೆಗಳಷ್ಟಿತ್ತು. ಬೇಗ ಮುಗಿಯಲಿ ಎಂದು ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿಕೊಂಡು, ಬಟ್ಟೆ ಮಡಚುತ್ತ, ಕಪಾಟು ಜೋಡಿಸುತ್ತ ಕೇಳಿದೆ. ಮೂರನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಯಾವ ರಾಜ್ಯ ಯಾರದು, ಶಾಪ ಯಾರಿಗೆ ತಟ್ಟಿದೆ ಎಂಬುದೊಂದೂ ತಿಳಿಯದೆ ನಿಲ್ಲಿಸಬೇಕಾಯಿತು.

ಕೆಲವು ದಿನ ಬಿಟ್ಟು ಮತ್ತೆ ಮೊದಲಿನಿಂದ, ಈ ಬಾರಿ ವಾಚಕರು ಓದಿದ ವೇಗದಲ್ಲಿಯೇ, ಆರಂಭಿಸಿದೆ. ವೇಗ ಹೆಚ್ಚಿಸಿದಾಗ ದನಿ ಕೀರಲಾಗದಂತೆ ತಂತ್ರಾಂಶ ನೋಡಿಕೊಳ್ಳುತ್ತದೆ, ಆದರೆ ಮಾತುಗಳ ನಡುವಿನ ಮೌನವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಮೌನದ ಜಾಗಗಳನ್ನೇ ಕತ್ತರಿಸಿಹಾಕುವ ಸೌಲಭ್ಯವೂ ಕೆಲವು ಆ್ಯಪ್‌ಗಳಲ್ಲಿದೆ. ಮಾಹಿತಿಯ ಪುಸ್ತಕಗಳಿಗೆ ಅದು ಒಪ್ಪಬಹುದು. ಪ್ರೇಮಕಥೆಯ ಜೀವ ಮಾತ್ರ ಬಹುಮಟ್ಟಿಗೆ ಆ ಮೌನದಲ್ಲಿಯೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಸರುಗಳಿಗಾಗಿ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡೆ. ಕಲ್ಪಿತ ರಾಜ್ಯ, ಕುಲ, ಮಂತ್ರಗಳ ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ಕೇಳಿ ಊಹಿಸುವುದು ಕಷ್ಟ. ನಾನು ಅವನ್ನು ಕಿವಿಗೆ ಬಿದ್ದಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡೆ. ಉಚ್ಚಾರವನ್ನು ಇದ್ದಂತೆ ಹಿಡಿದಿಡುವುದರಲ್ಲಿ ನಮ್ಮ ಲಿಪಿಗಿರುವ ಅನುಕೂಲ ಅಲ್ಲಿ ಚೆನ್ನಾಗಿ ಒದಗಿಬಂತು. ಮುದ್ರಿತ ಪ್ರತಿಯಲ್ಲಿದ್ದ ನಕ್ಷೆ ಪಿಡಿಎಫ್ ರೂಪದಲ್ಲಿ ಜೊತೆಗೇ ದೊರೆತಿತ್ತು. ಅದನ್ನು ಒಮ್ಮೆ ನಿಧಾನವಾಗಿ ನೋಡಿಕೊಂಡ ಬಳಿಕ ನಾಯಕಿಯ ಪ್ರಯಾಣ ಗೊಂದಲವಾಗಲಿಲ್ಲ.

ಇಬ್ಬರು ವಾಚಕರಿದ್ದ ಧ್ವನಿಮುದ್ರಣ ಅದು. ಇಂಥವುಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ನಾಯಕಿಯ ಅಧ್ಯಾಯಗಳನ್ನು ಒಬ್ಬರು, ನಾಯಕನ ಅಧ್ಯಾಯಗಳನ್ನು ಇನ್ನೊಬ್ಬರು ಇಡಿಯಾಗಿ ಓದುತ್ತಾರೆ. ಇನ್ನೊಂದರಲ್ಲಿ ಅಧ್ಯಾಯ ಯಾರದೇ ಆಗಿದ್ದರೂ ನಾಯಕಿಯ ಮಾತನ್ನೆಲ್ಲ ವಾಚಕಿಯೇ, ನಾಯಕನ ಮಾತನ್ನೆಲ್ಲ ವಾಚಕನೇ ಆಡುತ್ತಾರೆ. ನಾನು ಕೇಳಿದ್ದು ಮೊದಲನೆಯ ಬಗೆಯದು. ನಾಯಕನ ಅಧ್ಯಾಯದಲ್ಲಿ ನಾಯಕಿಯ ಮಾತು ಗಂಡುದನಿಯಲ್ಲಿ ಬಂದಾಗ ಮೊದಮೊದಲು ಕಸಿವಿಸಿಯಾಯಿತು. ಆದರೆ ತನ್ನ ಅಧ್ಯಾಯದಲ್ಲಿ ಸಿಡುಕಿನಿಂದ ಆಡಿದಂತೆ ಕೇಳಿದ ಅವಳ ಮಾತೊಂದು, ಅವನ ನೆನಪಿನಲ್ಲಿ ಮರುಕಳಿಸಿದಾಗ ಎಷ್ಟೋ ಮೆತ್ತಗೆ, ದಣಿದಂತೆ ಕೇಳಿಸಿತು. ಅವಳ ಮಾತು ಅವನ ಕಿವಿಗೆ ಹೇಗೆ ಬಿದ್ದಿತ್ತು ಎಂಬುದು ಅಲ್ಲಿ ತಿಳಿಯಿತು. ಪುಟದ ಮೇಲೆ ಓದಿದ್ದರೆ ಈ ವ್ಯತ್ಯಾಸ ನನಗೆ ಹೊಳೆಯುತ್ತಿರಲಿಲ್ಲ. ಆದ್ದರಿಂದ ಈಗ ಯಾವುದೇ ಆಡಿಯೋಬುಕ್ ಕೊಳ್ಳುವ ಮೊದಲು ಮಾದರಿ ತುಣುಕನ್ನು ತಪ್ಪದೆ ಕೇಳುತ್ತೇನೆ, ಅದರಲ್ಲೂ ಸಂಭಾಷಣೆಯ ಭಾಗವನ್ನು.

ಮಲಗುವ ಮುನ್ನ ಕೇಳುವಾಗ ಸ್ಲೀಪ್ ಟೈಮರನ್ನು ಅಧ್ಯಾಯದ ಕೊನೆಗೆ ಇಡುವುದು, ಮರುದಿನ ಐದು ನಿಮಿಷ ಹಿಂದಕ್ಕೆ ಹೋಗಿ ಶುರುಮಾಡುವುದು ರೂಢಿಯಾಯಿತು. ಆಪ್ತ ಸನ್ನಿವೇಶಗಳಿಗೆ ಇಯರ್‌ಫೋನೇ ಸರಿ.

ಅವಸರದಲ್ಲಿ ಕೇಳಿದ್ದ ಭಾಗದಲ್ಲಿಯೇ, ಎರಡನೆಯ ಅಧ್ಯಾಯದ ಕೊನೆಗೆ, ನಾಯಕ ಅವಳನ್ನು ಮೊದಲ ಬಾರಿಗೆ ಬಿರುದು ಬಿಟ್ಟು ಹೆಸರು ಹಿಡಿದು ಕರೆಯುತ್ತಾನೆ. ವಾಚಕ ಅಲ್ಲಿ ಉಸಿರೆಳೆದುಕೊಂಡು, ಒಂದು ಕ್ಷಣ ತಡೆದು, ದನಿ ತಗ್ಗಿಸಿ ಆ ಹೆಸರನ್ನು ಹೇಳುತ್ತಾನೆ. ಕಪಾಟು ಜೋಡಿಸುವಾಗ ಆ ಉಸಿರು ನನಗೆ ಕೇಳಿಸಿರಲೇ ಇಲ್ಲ. ಈಗ ಅಲ್ಲೊಂದು ಬುಕ್‌ಮಾರ್ಕ್ ಇದೆ. ಪುಸ್ತಕ ಮುಗಿದ ಮೇಲೂ ಎಷ್ಟೋ ಸಲ ಅಲ್ಲಿಗೆ ಹಿಂದಿರುಗಿ ಕೇಳಿದ್ದೇನೆ.