ನಿಮ್ಮೂರಿನ ನೀರನ್ನು ಕೊನೇ ಮನೆ ನಲ್ಲಿಯಲ್ಲಿ ಪರೀಕ್ಷೆ ಮಾಡಿ

ನಮ್ಮ ಬೀದಿಯಲ್ಲಿ ಕೊನೇ ಮನೆ ನಮ್ಮದು. ನೀರು ಬಿಟ್ಟ ದಿನ ಮೊದಲ ಎರಡು ಬಿಂದಿಗೆ ಕಂದು ಬಣ್ಣ, ಆಮೇಲೆ ತಿಳಿ. ಆ ಎರಡನ್ನು ಬಚ್ಚಲಿಗೆ ಸುರಿದು, ಮೂರನೆಯದನ್ನು ಅಡುಗೆಮನೆಗೆ ಇಟ್ಟುಕೊಳ್ಳುತ್ತಿದ್ದೆವು. ತಿಳಿಯಾಗಿದ್ದರೆ ಸಾಕು ಅಂತ ಲೆಕ್ಕ. ಒಂದು ಮಳೆಗಾಲದಲ್ಲಿ ಮನೆಮಂದಿಗೆಲ್ಲ ಭೇದಿ ಹಿಡಿದ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಯಿತು.

ಮೊದಲ ಕೆಲಸ: ನೀರುಗಂಟಿಯ ಜೊತೆ ಒಂದು ಸುತ್ತು ಹಾಕಿ. ಯಾವ ಬೋರ್‌ವೆಲ್, ಯಾವ ಟ್ಯಾಂಕು, ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು ಅಂತ ಕೇಳಿ. ಆಮೇಲೆ ಪೈಪ್‌ಲೈನ್ ಹಿಡಿದು ನಡೆಯಿರಿ. ವಾಲ್ವ್ ಗುಂಡಿಯಲ್ಲಿ ಕೊಚ್ಚೆ ನಿಂತಿದೆಯಾ, ಪೈಪು ಚರಂಡಿಯೊಳಗೇ ಹಾದು ಹೋಗಿದೆಯಾ ಅಂತ ನೋಡಿ. ಹೆಚ್ಚಿನ ಕಡೆ ರೋಗ ಇರುವುದು ಇಲ್ಲೇ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಉಳಿದ ಹೊತ್ತೆಲ್ಲ ಪೈಪು ಖಾಲಿ, ಆಗ ಸಣ್ಣ ಬಿರುಕು ಇದ್ದರೂ ಸುತ್ತಲಿನ ಗಲೀಜು ಒಳಕ್ಕೆ ಇಳಿಯುತ್ತದೆ, ಮತ್ತೆ ನೀರು ಬಿಟ್ಟಾಗ ಅದೇ ನಮ್ಮ ಬಿಂದಿಗೆಗೆ ಬರುತ್ತದೆ. ನಲ್ಲಿಗೇ ನೇರವಾಗಿ ಮೋಟಾರ್ ಹಾಕಿ ಎಳೆಯುವ ಪುಣ್ಯಾತ್ಮರು ಇದ್ದರಂತೂ ಪೈಪು ಸ್ಟ್ರಾ ಹಾಕಿದ ಹಾಗೆ ಕೊಳಕನ್ನೂ ಹೀರಿಕೊಳ್ಳುತ್ತದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನು ಮರೆತಿಲ್ಲ ಅಲ್ವಾ?

ಎರಡನೆಯದು ಕ್ಲೋರಿನ್ ಪರೀಕ್ಷೆ, ಅಂದರೆ ರೋಗಾಣು ಕೊಲ್ಲಲು ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ನಲ್ಲಿಯವರೆಗೂ ಉಳಿದಿದೆಯಾ ಅಂತ ನೋಡುವುದು. ನೀರು ಪರೀಕ್ಷೆಯ ಕಿಟ್ ಪಂಚಾಯಿತಿಯಲ್ಲಿ ಇರಬೇಕು, ಕೇಳಿ. ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಯೋಜನೆಯಲ್ಲಿ (ನಮ್ಮಲ್ಲಿ ಅದನ್ನು ಮನೆ ಮನೆಗೆ ಗಂಗೆ ಅಂತಾರೆ) ಪ್ರತಿ ಹಳ್ಳಿಯ 5 ಹೆಣ್ಣುಮಕ್ಕಳಿಗೆ ಇದರ ತರಬೇತಿ ಕೊಡಬೇಕು ಅಂತಿದೆ. ಅವರು ಯಾರು ಅಂತ ವಿಚಾರಿಸಿ, ಜೊತೆಗೆ ಕರೆದುಕೊಳ್ಳಿ. ಕಿಟ್‌ನ ಸಣ್ಣ ಪರೀಕ್ಷಾ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಅದರ ದ್ರಾವಣ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಬಣ್ಣ ಬರುತ್ತದೆ. ತಡಮಾಡದೆ ಕಾರ್ಡಿನ ಬಣ್ಣಕ್ಕೆ ಹೋಲಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಿ, ಕುಡಿಯಬೇಡಿ. ಇದನ್ನು ಟ್ಯಾಂಕಿನ ಬುಡದಲ್ಲೂ ಮಾಡಿ, ಲೈನಿನ ಕೊನೇ ಮನೆಯಲ್ಲೂ ಮಾಡಿ. ಬುಡದಲ್ಲಿ ಬಣ್ಣ ಬಂದು ಕೊನೆಯಲ್ಲಿ ಏನೂ ಬರದಿದ್ದರೆ ಮಧ್ಯದಲ್ಲಿ ಎಲ್ಲೋ ಗಲೀಜು ಸೇರಿ ಕ್ಲೋರಿನ್ ತಿಂದುಹಾಕಿರಬಹುದು, ಇಲ್ಲವೇ ಹಾಕಿದ್ದೇ ಕಡಿಮೆ. ಎರಡೂ ಕಡೆ ಬಣ್ಣ ಇಲ್ಲದಿದ್ದರೆ ಪೌಡರ್ ಹಾಕೇ ಇಲ್ಲ ಅಂತಿಟ್ಟುಕೊಳ್ಳಿ, ಅಥವಾ ಹಾಕಿದ್ದು ಸತ್ವ ಹೋದ ಪೌಡರ್.

ಪೌಡರ್ ಹಾಕುವುದಕ್ಕೂ ಒಂದು ಕ್ರಮ ಇದೆ. ಒಳ್ಳೆ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಇದು ತಿಳಿ ನೀರಿನ ಲೆಕ್ಕ, ನೀರು ಕೊಳೆಯಾಗಿದ್ದರೆ ಜಾಸ್ತಿ ಬೇಕಾಗುತ್ತದೆ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ವಾಲ್ವ್ ತೆಗೆಯಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ಸುಮ್ನೆ ಸುಣ್ಣ ಹಾಕಿದ ಹಾಗೆ.

ಮೂರನೆಯದು ರೋಗಾಣು. ಕಿಟ್ ಜೊತೆ ಬರುವ ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರನ್ನು ಚೆನ್ನಾಗಿ ಕುದಿಸದೆ ಕುಡಿಯಬೇಡಿ.

ಆದರೆ ಕುದಿಸಿದರೆ ಎಲ್ಲ ಸರಿಹೋಗುವುದಿಲ್ಲ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಅಂತರ್ಜಲದಲ್ಲಿ ಕರಗಿರುವ ಫ್ಲೋರೈಡ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ, ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯೇ ಹೇಳುತ್ತದೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದಷ್ಟೂ ನೀರು ಕಡಿಮೆಯಾಗಿ ಅದು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ತಿಪ್ಪೆ, ಗೊಬ್ಬರದಿಂದ ಇಳಿಯುವ ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅದು ಅಪಾಯ.

ಇವನ್ನು ತಿಳಿಯಲು ನೀರನ್ನು ಸರ್ಕಾರಿ ನೀರು ಪರೀಕ್ಷಾ ಲ್ಯಾಬಿಗೇ ಕಳಿಸಿ. ಒಂದು ಲೀಟರಿನ ಶುಭ್ರ ಬಾಟಲಿಯನ್ನು ಅದೇ ನಲ್ಲಿ ನೀರಲ್ಲಿ ಮೂರು ಸಲ ಗಲಬರಿಸಿ ತುಂಬಿ. ರೋಗಾಣು ಪರೀಕ್ಷೆಗೆ ಮಾತ್ರ ಲ್ಯಾಬಿನವರೇ ಕೊಟ್ಟ ಬಾಟಲಿ ಬೇಕು, ಅದನ್ನು ತೊಳೆಯಲೇಬಾರದು. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಬಾಟಲಿ ಬಾಯಿಗೆ ಬೆರಳು ತಾಗಿಸದೆ ಹಿಡಿದು, ಐಸ್ ಇಟ್ಟ ಡಬ್ಬಿಯಲ್ಲಿ ಅವತ್ತೇ ತಲುಪಿಸಿ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದ್ದೂ ಒಂದು ಬಾಟಲಿ ಕೊಡಿ, ಫಿಲ್ಟರ್ ಬದಲಿಸದ ಘಟಕಗಳು ಬೇಕಾದಷ್ಟಿವೆ.

ನೀರು ಎಷ್ಟು ಬರುತ್ತಿದೆ ಅನ್ನುವುದನ್ನೂ ಅಳೆದುಬಿಡಿ. ತಲೆಗೆ ದಿನಕ್ಕೆ 55 ಲೀಟರ್ ಅಂತ ಜಲ ಜೀವನ್ ಮಿಷನ್ ಹೇಳುತ್ತದೆ, 5 ಜನರ ಮನೆಗೆ 275. ಹದಿನೈದು ಲೀಟರ್ ಬಕೆಟ್ ತುಂಬಲು ಎಷ್ಟು ನಿಮಿಷ, ನೀರು ಎಷ್ಟು ಹೊತ್ತು ಬಿಟ್ಟರು, ಎಷ್ಟು ದಿನಕ್ಕೊಮ್ಮೆ ಅಂತ ಬರೆದಿಟ್ಟರೆ ಲೆಕ್ಕ ಸಿಗುತ್ತದೆ.

ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ. "ನೀರು ಸರಿಯಿಲ್ಲ" ಅಂತಷ್ಟೇ ಬರೆದರೆ ಫೈಲಲ್ಲಿ ಮಲಗುತ್ತದೆ. ಯಾವ ತಾರೀಕು, ಯಾರ ಮನೆ ನಲ್ಲಿ, ಎಷ್ಟು ಬಂತು ಅಂತ ಬರೆದು ಲ್ಯಾಬ್ ವರದಿ ಲಗತ್ತಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಅದನ್ನೇ ಓದಿ, ನಡಾವಳಿಯಲ್ಲಿ ಬರೆಸಿ.

ನಮ್ಮ ಬೀದಿಯಲ್ಲಿ ಕಡೆಗೆ ಸಿಕ್ಕಿದ್ದು ಮೋರಿ ಕೆಳಗೆ ಬಿರುಕು ಬಿಟ್ಟ ಒಂದು ಜಾಯಿಂಟ್. ಅದನ್ನು ಬದಲಿಸಿದ ಮಾರನೇ ಸಲ ನೀರು ಬಿಟ್ಟಾಗ ನಮ್ಮ ನಲ್ಲಿಯ ನೀರು ಕ್ಲೋರಿನ್ ಪರೀಕ್ಷೆಯ ಕೊಳವೆಯಲ್ಲಿ ತೆಳು ಹಳದಿಗೆ ತಿರುಗಿತು, ಅಂದರೆ ಕ್ಲೋರಿನ್ ಕೊನೇ ಮನೆವರೆಗೂ ತಲುಪಿತ್ತು.