ಒಂದೇ ಚೆಕ್ಕಿನ ಹಿಂದೆ ಬಿದ್ದು ದಾಖಲೆ ತರಿಸಿದ್ದು: ಪಾಲಿನ ದಾವೆಯಲ್ಲಿ ನನ್ನ ಅನುಭವ

ಪಾಲಿನ ದಾವೆಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 11ರ ಐಎ, ಅಂದರೆ ಎದುರು ಪಕ್ಷದ ಕೈಲಿರುವ ದಾಖಲೆ ಕೊಡಿಸಿ ಅನ್ನುವ ಮಧ್ಯಂತರ ಅರ್ಜಿ, ಹಾಕ್ತೀನಿ ಅಂದಾಗ ನಮ್ಮ ವಕೀಲರ ಸಂಘದಲ್ಲಿ ನಗದವರೇ ಕಡಿಮೆ. "ಅದೆಲ್ಲ ಕಮರ್ಷಿಯಲ್ ಕೋರ್ಟಿಗೆ ಸರಿ, ತಾಲೂಕು ಕೋರ್ಟಲ್ಲಿ ಸುಮ್ನೆ ವಾಯಿದೆ ದಂಡ" ಅಂದರು ಹಿರಿಯರೊಬ್ಬರು. ಅದೇ ಕೋರ್ಟಲ್ಲಿ ಐಎ ಮಂಜೂರಾಯಿತು, ದಾಖಲೆಯೂ ಬಂತು. ಈಗ ಕರಡು ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ.

ಕೇಸು ಮಾಮೂಲಿ. ಅಪ್ಪ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳು ಪಾಲು ಕೇಳಿದ್ದರು. ಯಜಮಾನಿಕೆ ಮಾಡುತ್ತಿದ್ದ ಅಣ್ಣನಿಗೆ ಜಮೀನು ಕೊಡಲು ತಕರಾರಿಲ್ಲ. ಪಟ್ಟಣದ ಸೈಟು ಮಾತ್ರ ಸ್ವಯಾರ್ಜಿತವಂತೆ, ಸ್ವಂತ ದುಡಿಮೆಯದ್ದು, ಅದರಲ್ಲಿ ಪಾಲಿಲ್ಲವಂತೆ. ಬೆಲೆ ಇರುವುದೇ ಆ ಸೈಟಿಗೆ, ಅಲ್ವಾ.

ಹೆಣ್ಣುಮಕ್ಕಳ ಪರ ವಕಾಲತ್ತು ನನ್ನ ಕೈಗೆ ಬರುವ ಹೊತ್ತಿಗೆ ಅವರ ಒಂದು ಐಎ ಆಗಲೇ ವಜಾ ಆಗಿತ್ತು. ಅಣ್ಣನ ಹದಿನೈದು ವರ್ಷದ ಪಾಸ್‌ಬುಕ್, ಐಟಿ ರಿಟರ್ನ್ಸ್, ಅಡಿಕೆ ಮಾರಿದ ಲೆಕ್ಕ, ಒಡವೆ ಪಟ್ಟಿ, ಎಲ್ಲಾ ಕೇಳಿದ್ದರು. ಐನೂರು ರೂಪಾಯಿ ಖರ್ಚೂ ಬಿತ್ತು. ಆ ಆದೇಶವನ್ನು ನಾನು ತಪ್ಪು ಅನ್ನಲ್ಲ. ದಾವೆಯ ನ್ಯಾಯವಾದ ತೀರ್ಮಾನಕ್ಕೋ ಖರ್ಚು ಉಳಿಸುವುದಕ್ಕೋ ಬೇಕಿಲ್ಲದ್ದನ್ನು ಕೊಡಿಸಬಾರದು ಅಂತ ಆರ್ಡರ್ 11ರ ರೂಲ್ 12ರಲ್ಲೇ ಇದೆ. ಮೇಲಾಗಿ, ಮೋಸ, ದುರುಪಯೋಗದ ಆಪಾದನೆ ಇಲ್ಲದೆ ಕರ್ತನಿಂದ (ಕುಟುಂಬದ ಯಜಮಾನನಿಂದ) ಹಳೇ ಮನೆ ಖರ್ಚಿನ ಲೆಕ್ಕ ಕೇಳಲು ಬರುವುದಿಲ್ಲ. ಹೀಗಿರುವಾಗ ಅಡಿಕೆ ಲೆಕ್ಕ ಯಾಕೆ ಬೇಕಿತ್ತು?

ಕಕ್ಷಿಗಾರ್ತಿಯೇ ಅಣ್ಣನ ರಿಟರ್ನ್ಸ್‌ಗೆ ಆರ್‌ಟಿಐ ಹಾಕಿ ನೋಡಿದ್ದರು. ಖಾಸಗಿ ಮಾಹಿತಿ ಕೊಡುವಂತಿಲ್ಲ ಅನ್ನುವ ಸೆಕ್ಷನ್ 8(1)(ಜೆ), ಜೊತೆಗೆ ರಿಟರ್ನ್ಸ್ ಖಾಸಗಿ ಮಾಹಿತಿ ಅಂದ ಸುಪ್ರೀಂ ಕೋರ್ಟಿನ 2012ರ ಗಿರೀಶ್ ದೇಶಪಾಂಡೆ ತೀರ್ಪು ತೋರಿಸಿ ತಿರಸ್ಕರಿಸಿದರು. ಬ್ಯಾಂಕಿನವರು ಕೋರ್ಟಿನ ಆದೇಶ ತನ್ನಿ ಅಂದರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಜಿಪಿಎ (ಅಧಿಕಾರ ಪತ್ರ) ನಕಲು ಕೇಳಿದರೆ ಅದು 4ನೇ ಪುಸ್ತಕದ್ದು, ಅಂದರೆ ಸ್ಥಿರಾಸ್ತಿಗೆ ಸೇರದ ಪತ್ರಗಳ ರಿಜಿಸ್ಟರಿನದ್ದು. ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಹೇಳುವವರಿಗೆ ಮಾತ್ರ ನಕಲು. ಈ ಓಡಾಟಕ್ಕೇ ಮೂವತ್ತು-ನಲವತ್ತು ಸಾವಿರ ಕರಗಿತ್ತು.

ನಾನು ಶುರು ಮಾಡಿದ್ದು 1ನೇ ಪುಸ್ತಕದಿಂದ, ಅಂದರೆ ಸ್ಥಿರಾಸ್ತಿ ಪತ್ರಗಳ ರಿಜಿಸ್ಟರಿನಿಂದ. ಅದರ ನಕಲು ಯಾರು ಬೇಕಾದರೂ ತೆಗೆಯಬಹುದು. ಸೈಟಿನ ಕ್ರಯಪತ್ರ ತರಿಸಿ ಎರಡನೇ ಪುಟ ಓದಿದೆ. ಹಣ ಕೊಟ್ಟ ವಿವರದಲ್ಲಿ ಚೆಕ್ ನಂಬರು, ತಾರೀಕು, ಶಾಖೆ ಎಲ್ಲಾ ಇತ್ತು. ಹಿಂದೆ ಮಾಡಿಕೊಂಡ ಕರಾರುಪತ್ರದ ಪ್ರಸ್ತಾಪವೂ ಇತ್ತು. ಆಮೇಲೆ ಪಿತ್ರಾರ್ಜಿತ ಜಮೀನಿನ ಪಹಣಿ ತೆಗೆದೆ. ಕಲಂ 11ರಲ್ಲಿ ಸೊಸೈಟಿ ಸಾಲದ ಬೋಜಾ. ಕ್ರಯಕ್ಕಿಂತ ತಿಂಗಳೊಪ್ಪತ್ತಿನ ಹಿಂದಿನದು! ಪಿತ್ರಾರ್ಜಿತದ ಮೇಲೆ ಎತ್ತಿದ ಆ ದುಡ್ಡಲ್ಲೇ ಸೈಟು ಕೊಂಡಿದ್ದರೆ ಸ್ವಯಾರ್ಜಿತ ಅನ್ನುವ ಮಾತು ನಿಲ್ಲುವುದು ಕಷ್ಟ.

ಐಎಯಲ್ಲಿ ಕೇಳಿದ್ದು ಎರಡೇ. ಆ ಖಾತೆಯಲ್ಲಿ ಚೆಕ್ಕಿನ ತಾರೀಕಿಗೆ ಹಿಂದೆ ಮುಂದೆ ಎರಡು ತಿಂಗಳ ನಮೂದು, ಮತ್ತೆ ಆ ಕರಾರುಪತ್ರ. ಪ್ರತಿಯೊಂದೂ ಯಾವ ಇಶ್ಯೂಗೆ (ಕೋರ್ಟು ತೀರ್ಮಾನಿಸಬೇಕಾದ ವಿವಾದಾಂಶಕ್ಕೆ) ಬೇಕು ಅಂತ ಅಫಿಡವಿಟ್‌ನಲ್ಲಿ ನಂಬರು ಹಾಕಿ ಬರೆದೆ. ಬ್ಯಾಂಕಿಗೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಸೆಕ್ಷನ್ 6, ಅಂದರೆ ಬ್ಯಾಂಕಿನ ಲೆಕ್ಕ ನೋಡಿ ನಕಲು ತೆಗೆಯಲು ಕೋರ್ಟಿನ ಆದೇಶ. ಸೊಸೈಟಿಯ ಸಾಲದ ಲೆಡ್ಜರ್ ಪುಟಕ್ಕೆ ಬೇರೆಯಾಗಿ ಆರ್ಡರ್ 16 ರೂಲ್ 6ರ ಸಮನ್ಸ್. ಕಾರ್ಯದರ್ಶಿ ಖುದ್ದು ಬರಬೇಕಾಗಿಲ್ಲ, ಯಾರ ಕೈಲಾದರೂ ದಾಖಲೆ ಕಳಿಸಿದರೆ ಸಾಕು. ಹಾಗಾಗಿ ಅವರೂ ಗೊಣಗಲಿಲ್ಲ. ವಾದಕ್ಕೆ ಹತ್ತು ನಿಮಿಷ ಹಿಡಿದಿರಬಹುದು. ಎದುರು ವಕೀಲರು ಹಳೇ ವಜಾ ಆದೇಶ ತೋರಿಸಿದರು. ನಾನೂ ಅದನ್ನೇ ಓದಿ, ಇಷ್ಟು ಕೇಳಬಾರದು ಅಂದಿದ್ದಾರೆ ಸ್ವಾಮಿ, ಅದಕ್ಕೇ ಇಷ್ಟು ಕೇಳಿಲ್ಲ ಅಂದೆ.

ಸ್ಟೇಟ್‌ಮೆಂಟ್ ಬಂತು. ಸಾಲದ ನಾಲ್ಕು ಲಕ್ಷ ಚಿಲ್ಲರೆ ಒಳಗೆ. ವಾರದೊಳಗೆ ಅದೇ ಚೆಕ್ಕಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಹೊರಗೆ. ಕರಾರುಪತ್ರ ಕಳೆದುಹೋಗಿದೆ ಅಂತ ಅಣ್ಣ ಅಫಿಡವಿಟ್ ಹಾಕಿದರು. ನಾನು ಹಟ ಹಿಡಿಯಲಿಲ್ಲ. ಇರುವ ದಾಖಲೆ ತಡೆಹಿಡಿದರೆ ಅದು ಅವರಿಗೇ ವಿರುದ್ಧ ಅಂತ ಕೋರ್ಟು ಊಹಿಸಬಹುದು ಅನ್ನುವ ಸಾಕ್ಷ್ಯ ಕಾಯ್ದೆಯ ಹಳೇ 114(ಜಿ), ಈಗಿನ 119, ನೆನಪಿಟ್ಟುಕೊಂಡು ಆ ಅಫಿಡವಿಟ್‌ನ ನಕಲು ತೆಗೆದಿಟ್ಟೆ. ಕ್ರಾಸ್‌ನಲ್ಲಿ (ಪಾಟೀಸವಾಲಿನಲ್ಲಿ) ಸಾಲದ ಬಗ್ಗೆ ಮೊದಲು ಕೇಳಿದೆನೋ ಸೈಟಿನ ಬಗ್ಗೆಯೋ ಅನ್ನುವುದನ್ನು ಇಲ್ಲಿ ಹೇಳಲ್ಲ. ಇನ್ನೂ ಎರಡು ಕೇಸಲ್ಲಿ ಬೇಕು.

ಜೊತೆಗೆ ಒಂದು ಪ್ರಯೋಗ. ಅಣ್ಣನ ರಿಟನ್ ಸ್ಟೇಟ್‌ಮೆಂಟ್‌ನಲ್ಲಿ (ದಾವೆಗೆ ಕೊಟ್ಟ ಲಿಖಿತ ಉತ್ತರದಲ್ಲಿ) ಗುತ್ತಿಗೆ ಕೆಲಸದ ಬಿಲ್ಲುಗಳ ಮಾತಿತ್ತು. ಅದೇ ಆರ್ಡರ್ 11ರ ರೂಲ್ 15ರಲ್ಲಿ ಪರಿಶೀಲನೆಗೆ ಕೊಡಿ ಅಂತ ನೋಟಿಸ್ ಕಳಿಸಿದೆ. ಹತ್ತು ದಿನದೊಳಗೆ ಉತ್ತರ ಕೊಡಬೇಕು, ಕೊಡಲಿಲ್ಲ. ಸರಿಯಾದ ಕಾರಣ ತೋರಿಸದೆ ಆ ಬಿಲ್ಲುಗಳನ್ನು ಅವರೇ ಹಾಜರುಪಡಿಸುವಂತಿಲ್ಲ. ಖರ್ಚಾಗಿದ್ದು ಅಂಚೆ ದುಡ್ಡು.

ಸಿಟ್ಟಿಗೆ ಅವರೂ ಐಎ ಹಾಕಿದರು. ನನ್ನ ಕಕ್ಷಿಗಾರ್ತಿಯ ಗಂಡನ ಖಾತೆ ವಿವರ, ಮದುವೆ ಖರ್ಚಿನ ರಸೀದಿ ಬೇಕಂತೆ. ಗಂಡ ದಾವೆಯಲ್ಲಿ ಪಕ್ಷಗಾರನೇ ಅಲ್ಲ. ಮದುವೆಗೆ ಖರ್ಚು ಮಾಡಿದ ಮಾತ್ರಕ್ಕೆ ಮಗಳ ಪಾಲು ಹೋಗುವುದೂ ಇಲ್ಲ. ವಜಾ.

ನನ್ನ ಫೀಸು ಬಿಟ್ಟು ನಕಲು, ಪ್ರೊಸೆಸ್ ಫೀ, ಜೂನಿಯರ್ ಬಸ್ ಚಾರ್ಜು ಎಲ್ಲಾ ಸೇರಿ ಆರೇಳು ಸಾವಿರ ಆಗಿರಬಹುದು. ಯಾರಿಗೆ ಎಷ್ಟು ಪಾಲು ಅಂತ ಹೇಳುವ ಪ್ರಾಥಮಿಕ ಡಿಕ್ರಿಯಲ್ಲಿ ಸೈಟೂ ಸೇರಿತು. ಅವರು ಅಪೀಲು ಹೋಗಿದ್ದಾರೆ. ಕಳೆದುಹೋಗಿದ್ದ ಕರಾರುಪತ್ರ ಈಗ ಸಿಕ್ಕಿದೆ ಅಂತ ಆರ್ಡರ್ 41 ರೂಲ್ 27ರ ಅರ್ಜಿಯೂ (ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯ ಕೊಡಲು ಬಿಡಿ ಅಂತ) ಬಂದಿದೆ. ಆಕ್ಷೇಪಣೆ ಬರೆಯುತ್ತಾ ಕೂತಿದ್ದೇನೆ.