ಆಶ್ರಯತಾಣದ ನಾಯಿಯನ್ನು ಪ್ರಯಾಣಕ್ಕೆ ಅಣಿಗೊಳಿಸುವುದು

ಊರೂರು ಸುತ್ತಲು ಜೊತೆಗೆ ನಾಯಿ ಬೇಕಿದ್ದರೆ ಮರಿ ತರಬೇಡಿ. ಎರಡು ವರ್ಷ ದಾಟಿದ ನಾಯಿಯ ಸ್ವಭಾವ ಬಹುಪಾಲು ಗಟ್ಟಿಯಾಗಿರುತ್ತದೆ. ಆಶ್ರಯತಾಣದಲ್ಲಿ ಮೊದಲು ಓಡಿಬಂದು ಮೈಮೇಲೆ ಹಾರುವುದಕ್ಕೇ ಮನಸೋಲಬೇಕಿಲ್ಲ. ಹತ್ತಡಿ ದೂರದಲ್ಲಿ ಬೀಗದಕೈ ಗೊಂಚಲನ್ನು ಕೆಳಗೆ ಬೀಳಿಸಿ ನೋಡಿ. ಯಾವ ನಾಯಿಯೂ ಬೆಚ್ಚುತ್ತದೆ. ಅರ್ಧ ನಿಮಿಷದಲ್ಲಿ ಮರಳಿ ಬಂದು ಅದನ್ನು ಮೂಸುವ ನಾಯಿ ಬಸ್‌ಸ್ಟ್ಯಾಂಡಿನ ಗದ್ದಲಕ್ಕೂ ಒಗ್ಗೀತು. ಮೂಲೆ ಸೇರಿ ನಡುಗುತ್ತಲೇ ಇರುವುದು ಮನೆಗೆ ಒಳ್ಳೆಯದಿರಬಹುದು, ದಾರಿಗಲ್ಲ.

ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂಬ ಗುರುತು. ರೇಬೀಸ್ ಚುಚ್ಚುಮದ್ದಿನ ಕಾರ್ಡನ್ನು ಅಲ್ಲೇ ಕೇಳಿ ಪಡೆಯಿರಿ. ಮಂಗಳೂರಿನಿಂದ ತಂದರೂ ಕಾಸರಗೋಡಿನ ಮನೆಯಲ್ಲಿ ಸಾಕಲು ಪಂಚಾಯತ್ ಅಥವಾ ನಗರಸಭೆಯ ಲೈಸನ್ಸ್ ಬೇಕು. ಅದಕ್ಕೂ ಈ ಕಾರ್ಡೇ ಆಧಾರ.

ಮೊದಲ ಮೂರು ವಾರ ಎಲ್ಲಿಗೂ ಹೊರಡಬೇಡಿ. ನಾಯಿ ತಪ್ಪಿಸಿಕೊಳ್ಳುವ ಅಪಾಯ ಈ ದಿನಗಳಲ್ಲೇ ಹೆಚ್ಚು, ಅದೂ ಕಾರಿನ ಬಾಗಿಲು ತೆರೆದ ಕ್ಷಣದಲ್ಲಿ. ನಾಡತಳಿಯ ನಾಯಿಗಳ ತಲೆ ಸಪೂರ. ಹೆದರಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿ ಸಲೀಸಾಗಿ ಕಳಚುತ್ತದೆ. ಆದ್ದರಿಂದ ಎದೆಗೆ ಹಾರ್ನೆಸ್ (ಎದೆ-ಬೆನ್ನು ಸುತ್ತಿ ಕಟ್ಟುವ ಪಟ್ಟಿ), ಕೊರಳಿಗೆ ಪಟ್ಟಿ, ಎರಡಕ್ಕೂ ಹಗ್ಗ. ಪಟ್ಟಿಯಡಿ ಎರಡು ಬೆರಳು ತೂರುವಷ್ಟೇ ಸಡಿಲವಿರಲಿ. ಹಗ್ಗ ಕೈಗೆ ಬಂದ ಮೇಲೆಯೇ ಬಾಗಿಲು.

ಕಾರಿನ ಅಭ್ಯಾಸ ನಿಂತ ಕಾರಿನಿಂದ ಶುರು. ಒಳಗೆ ಕೂರಿಸಿ ಬೇಯಿಸಿದ ಕೋಳಿಯ ಚೂರು ಕೊಡಿ, ಇಳಿಸಿ. ಅದು ತಾನಾಗಿ ಹತ್ತತೊಡಗಿದ ಮೇಲೆ ಎಂಜಿನ್ ಚಾಲೂ ಮಾಡಿ. ಆಮೇಲೆ ಗೇಟಿನವರೆಗೆ, ಆಮೇಲೆ ಐದು ನಿಮಿಷ. ಕಾರು ಆಸ್ಪತ್ರೆಗೆ ಮಾತ್ರ ಹೋದರೆ ನಾಯಿ ಮುಂದೆ ಕಾರನ್ನು ಕಂಡರೇ ಓಡುತ್ತದೆ, ಅದರ ತಪ್ಪೇನಿಲ್ಲ. ಹೆದ್ದಾರಿ 66ರಲ್ಲಿ ಕುಂಬಳೆವರೆಗೆ ಹೋಗಿಬರುವುದು ಒಂದು, ಚೆರ್ಕಳ, ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತುವುದು ಇನ್ನೊಂದು. ತಿರುವುಗಳಲ್ಲಿ ವಾಂತಿ ಖಂಡಿತ ಎಂದುಕೊಂಡೇ ಹೊರಡಿ. ಮೂರು-ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಮಾತ್ರ ತಪ್ಪಿಸಬೇಡಿ. ಜೊಲ್ಲು ಸುರಿಯುವುದು, ಪದೇಪದೇ ತುಟಿ ನೆಕ್ಕುವುದು, ಆಕಳಿಸುವುದು ಮುನ್ಸೂಚನೆ. ಆಗಲೇ ನಿಲ್ಲಿಸಿ ಇಳಿಸಿ. ಎರಡು ಗಂಟೆಗೊಮ್ಮೆ ಹೇಗೂ ನಿಲ್ಲಿಸಬೇಕು. ಚಹಾ ಕುಡಿಯುವಷ್ಟು ಹೊತ್ತೂ ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಡಬಾರದು: ಹೊರಗೆ 30 ಡಿಗ್ರಿ ಇದ್ದರೆ ಒಳಗೆ ಹತ್ತೇ ನಿಮಿಷದಲ್ಲಿ 40ರ ಹತ್ತಿರ ಹೋಗುತ್ತದೆ.

ರೈಲಿನಲ್ಲಿ ಸ್ಲೀಪರ್, ಚೇರ್ ಕಾರ್ ಯಾವುದರಲ್ಲೂ ನಾಯಿಗೆ ಪ್ರವೇಶವಿಲ್ಲ. ಎಸಿ ಪ್ರಥಮ ದರ್ಜೆಯ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮ್ಮದಾಗಿರಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ಕತ್ತಲೆ, ಸದ್ದು, ಒಂಟಿತನ. ಹೊಸ ನಾಯಿಗೆ ಅದು ಬೇಡ. ಯಾವುದಕ್ಕಾದರೂ ಪಾರ್ಸೆಲ್ ಕಚೇರಿಯಲ್ಲಿ ಬುಕಿಂಗ್ ಆಗಬೇಕು. ಚುಚ್ಚುಮದ್ದಿನ ಕಾರ್ಡಿನ ಜೊತೆ ಹೊರಡುವ ಮುಂಚಿನ ಒಂದೆರಡು ದಿನದೊಳಗೆ ಪಶುವೈದ್ಯರು ಬರೆದುಕೊಟ್ಟ ಆರೋಗ್ಯ ಪತ್ರವೂ ಕೈಯಲ್ಲಿರಲಿ. ಕಾಸರಗೋಡಿನಲ್ಲಿ ರೈಲು ನಿಲ್ಲುವುದೇ ಸ್ವಲ್ಪ ಹೊತ್ತು. ಮಂಗಳೂರು ಸೆಂಟ್ರಲ್‌ನಿಂದ ಹೊರಡುವ ರೈಲನ್ನು ಅಲ್ಲೇ ಹತ್ತಿದರೆ ಅವಸರವಿಲ್ಲ.

ಮಳೆಗಾಲಕ್ಕೆ ಮುಂಚೆ ಇಲಿಜ್ವರದ ಚುಚ್ಚುಮದ್ದು ಹಾಕಿಸಿ, ತೋಡು-ಗದ್ದೆಯ ನಿಂತ ನೀರು ಕುಡಿಯಗೊಡಬೇಡಿ. ಹುಲ್ಲಿನಲ್ಲಿ ತಿರುಗಿ ಬಂದ ರಾತ್ರಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ; ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆಯಬೇಕು, ಸೀಮೆಎಣ್ಣೆ ಹಚ್ಚಬಾರದು. ನಾಗರಹೊಳೆಯಂಥ ರಕ್ಷಿತ ಕಾಡಿನೊಳಗೆ ನಾಯಿಯನ್ನು ಬಿಡುವುದಿಲ್ಲ, ಆ ದಾರಿಯಲ್ಲಿ ಉಳಿಯುವ ಜಾಗವನ್ನು ಮೊದಲೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ.